ಡಬಲ್ ಸೀಟ್: ಬೈಕಿನ ಹಿಂದೆ ಮೊದಲ ಸಲ ಒಬ್ಬರನ್ನು ಕೂರಿಸಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯವಳು. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು, ಅದರಲ್ಲಿ ಒಂಬತ್ತು ವರ್ಷ ಒಂದೇ 150 ಸಿಸಿ ಬೈಕ್ ಓಡಿಸಿದ್ದೇನೆ. ನಮ್ಮ ಬಿಲ್ಡಿಂಗಿನಲ್ಲಿ, ಆಫೀಸಿನಲ್ಲಿ ವರ್ಷಕ್ಕೆ ನಾಲ್ಕೈದು ಕನ್ನಡದ ಹುಡುಗ ಹುಡುಗಿಯರು ಹೊಸದಾಗಿ ಬಂದು ಸೇರುತ್ತಾರೆ. ಮೂರನೇ ತಿಂಗಳ ಸಂಬಳಕ್ಕೆ ಗಾಡಿ ತಗೊಳ್ಳುತ್ತಾರೆ, ಒಬ್ಬರೇ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಒಂದು ಶುಕ್ರವಾರ ರಾತ್ರಿ ಮೆಸೇಜ್ ಬರುತ್ತದೆ: "ಅಕ್ಕಾ, ನಾಳೆ ಮುಂಜಾನೆ ಅಪ್ಪ ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಬಂದಿಳೀತಾರ. ಗಾಡಿ ಮ್ಯಾಲೆ ಕರ್ಕೊಂಡ್ ಬರ್ಲೇನು?" ಅಲ್ಲಿಯವರೆಗೆ ಹಿಂದೆ ಯಾರನ್ನೂ ಕೂರಿಸಿಕೊಂಡಿರುವುದಿಲ್ಲ. ಇಲ್ಲಿನ ಮರಾಠಿಯಲ್ಲಿ ಇದಕ್ಕೆ ಡಬಲ್ ಸೀಟ್ ಅನ್ನುತ್ತಾರೆ, ನಮ್ಮ ಬಾಯಲ್ಲೂ ಅದೇ ನಿಂತಿದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಒಬ್ಬನೇ ಚೆನ್ನಾಗಿ ಓಡಿಸುತ್ತೇನೆ. ಇನ್ನೊಬ್ಬರು ಕೂತರೆ ಅಂಥದ್ದೇನು ಬದಲಾಗುತ್ತದೆ?

ಗಾಡಿಯೇ ಬದಲಾಗುತ್ತದೆ. ಸ್ಪ್ಲೆಂಡರ್ ತೂಕ ಸುಮಾರು 112 ಕೆಜಿ. ಅದರ ಮೇಲೆ 65 ಕೆಜಿಯ ಅಪ್ಪ ಕೂತರೆ ಗಾಡಿಯ ಅರ್ಧಕ್ಕಿಂತ ಹೆಚ್ಚು ಭಾರ ಒಮ್ಮೆಗೇ ಸೇರಿತು. 195 ಕೆಜಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಗೆ ಅದೇ ಅಪ್ಪ ಮೂರರಲ್ಲಿ ಒಂದು ಪಾಲು ಮಾತ್ರ. ಅದಕ್ಕೇ ಚಿಕ್ಕ ಗಾಡಿಯಲ್ಲಿ ವ್ಯತ್ಯಾಸ ಹೆಚ್ಚು ಗೊತ್ತಾಗುತ್ತದೆ. ಭಾರ ಬೀಳುವುದು ಎತ್ತರದಲ್ಲಿ, ಅದೂ ಹಿಂದಿನ ಚಕ್ರದ ಕಡೆಗೆ. ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ. ಪಿಕಪ್ ಮಂಕಾಗುತ್ತದೆ. ನಿಲ್ಲಲು ಹೆಚ್ಚು ಜಾಗ ಬೇಕಾಗುತ್ತದೆ.

ಇಷ್ಟೇ ಆಗಿದ್ದರೆ ಅಕ್ಕಿ ಚೀಲ ಕಟ್ಟಿಕೊಂಡು ಹೋದ ಹಾಗೆ ಹೋಗಬಹುದಿತ್ತು. ಚೀಲ ಕಟ್ಟಿದಲ್ಲೇ ಇರುತ್ತದೆ. ಮನುಷ್ಯರು ತಿರುಗಿ ನೋಡುತ್ತಾರೆ, ಸೀರೆ ಸರಿಮಾಡಿಕೊಳ್ಳುತ್ತಾರೆ, ಫೋನ್ ತೆಗೆಯುತ್ತಾರೆ. ನಮ್ಮವ್ವ ಸಾರಸಬಾಗ್ ಗಣಪತಿ ಎದುರು ಹೋಗುವಾಗ ಎರಡೂ ಕೈ ಬಿಟ್ಟು ನಮಸ್ಕಾರ ಮಾಡುತ್ತಾಳೆ, ಬೇಡ ಅಂದರೆ "ದೇವರಿಗೆ ಒಂದೇ ಕೈಲಿ ಹೆಂಗ ಮುಗೀಲಿ" ಅನ್ನುತ್ತಾಳೆ.

ಇನ್ನೊಂದು ವಿಷಯ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಹಿಂದೆ ಕೂತವರಿಗೆ ಕಾಣುವುದು ನಿಮ್ಮ ಹೆಲ್ಮೆಟ್ಟಿನ ಹಿಂಭಾಗ. ಮುಂದೆ ಹಂಪ್ ಬಂತು, ರಿಕ್ಷಾ ಅಡ್ಡ ಬಂತು ಅನ್ನುವುದು ನಿಮಗೆ ಗೊತ್ತು, ಅವರಿಗೆ ಮೈಗೆ ತಟ್ಟಿದಾಗಲೇ ಗೊತ್ತು. ಅವರ ಕೈಯಲ್ಲಿ ಬ್ರೇಕಿಲ್ಲ, ಹ್ಯಾಂಡಲ್ ಇಲ್ಲ. ಕೆಳಗಿನ ಅರ್ಧಕ್ಕರ್ಧ ಉತ್ತರಗಳು ಇದೊಂದರಿಂದಲೇ ಹುಟ್ಟಿದವು.

ಎಷ್ಟು ದಿನ ಓಡಿಸಿದ ಮೇಲೆ ಕೂರಿಸಿಕೊಳ್ಳಬಹುದು? ಲರ್ನಿಂಗ್ ಲೈಸೆನ್ಸ್ ಸಾಕಾ?

ಸಾಲದು. ಲರ್ನಿಂಗ್ ಲೈಸೆನ್ಸ್ ಇದ್ದಾಗ ಕಲಿಸಿಕೊಡಲು ಕೂರುವ, ಪಕ್ಕಾ ಲೈಸೆನ್ಸ್ ಇರುವವರನ್ನು ಬಿಟ್ಟು ಬೇರೆ ಯಾರನ್ನೂ ಬೈಕಿನಲ್ಲಿ ಕೂರಿಸುವಂತಿಲ್ಲ, ನಿಯಮದಲ್ಲೇ ಇದೆ.

ದಿನಗಳ ಲೆಕ್ಕ ನಾನು ಹೇಳುವುದಿಲ್ಲ. ಕೆಲವರಿಗೆ ಎರಡು ತಿಂಗಳು ಸಾಕು, ಕೆಲವರಿಗೆ ಎರಡು ವರ್ಷವಾದರೂ ಸಾಲದು. ನಾನು ನೋಡುವುದು ಮೂರು ಕೆಲಸ. ನಡಿಗೆಯ ವೇಗದಲ್ಲಿ, ಕಾಲು ಕೆಳಗಿಡದೆ, ಎಂಟರ ಆಕಾರದಲ್ಲಿ ಗಾಡಿ ತಿರುಗಿಸಲು ಬರುತ್ತದಾ? ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಲು ಬರುತ್ತದಾ? ಟಯರ್ ಕಿರುಚದಂತೆ, ಎರಡೂ ಬ್ರೇಕ್ ಹಿಡಿದು ಗಟ್ಟಿಯಾಗಿ ನಿಲ್ಲಿಸಲು ಬರುತ್ತದಾ? ಒಬ್ಬರೇ ಇದ್ದಾಗ ಇವು ಯೋಚನೆಯಿಲ್ಲದೆ ಆಗಬೇಕು. ನೂರಿಪ್ಪತ್ತರಲ್ಲಿ ಹೆದ್ದಾರಿ ಹೊಡೆದಿದ್ದೇನೆ ಅನ್ನುವವರು ಸಹಿತ ಮೊದಲನೆಯದರಲ್ಲೇ ಕಾಲು ಕೆಳಗಿಡುತ್ತಾರೆ, ನೋಡಿದ್ದೇನೆ.

ಗಾಡಿಗೆ ಏನಾದರೂ ಮಾಡಿಸಬೇಕಾ?

ಗಾಳಿ. ಚೈನ್ ಕವರಿನ ಮೇಲೋ, ಹಿಂದಿನ ಚಕ್ರ ಹಿಡಿದಿರುವ ತೋಳಿನ ಮೇಲೋ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಹಿಂದಿನ ಟಯರಿಗೆ ಎರಡು ಅಂಕಿ ಬರೆದಿರುತ್ತಾರೆ, ಒಬ್ಬರಿದ್ದಾಗ ಒಂದು, ಇಬ್ಬರಿದ್ದಾಗ ಇನ್ನೊಂದು. ನನ್ನ ಗಾಡಿಗೆ 28 ಮತ್ತು 32 ಪಿಎಸ್‌ಐ. ನಿಮ್ಮದರಲ್ಲಿ ಬೇರೆ ಇದ್ದೀತು, ಸ್ಟಿಕ್ಕರ್ ಓದಿ. ಪೆಟ್ರೋಲ್ ಪಂಪಿನ ಹುಡುಗ "ಕಿತಿ?" ಅಂತ ಕೇಳಿದಾಗ "ಎಷ್ಟೋ ಹಾಕಪ್ಪ" ಅನ್ನಬೇಡಿ. ಗಾಳಿ ಕಡಿಮೆ ಇದ್ದು ಇಬ್ಬರು ಕೂತರೆ ತಿರುವಿನಲ್ಲಿ ಹಿಂಭಾಗ ನೀರಿನ ಮೇಲಿನ ದೋಣಿಯ ಹಾಗೆ ತೂಗುತ್ತದೆ.

ಶಾಕ್ ಅಬ್ಸಾರ್ಬರ್. ಎರಡು ಶಾಕ್ ಇರುವ ಗಾಡಿಗಳಲ್ಲಿ ಸ್ಪ್ರಿಂಗಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ. ಗಾಡಿಯ ಟೂಲ್ ಕಿಟ್ಟಿನಲ್ಲಿ ಕೊಕ್ಕೆಯಂಥ ಸ್ಪ್ಯಾನರ್ ಇರುವುದು ಅದಕ್ಕೇ. ಅದು ಏನಕ್ಕೆಂದು ಗೊತ್ತಿಲ್ಲದೆ ಬಾಟಲಿ ಮುಚ್ಚಳ ತೆಗೆಯುವವರಿದ್ದಾರೆ. ಎರಡೂ ಕಡೆ ಒಂದೇ ಮೆಟ್ಟಿಲಿಗೆ ಇಡಿ. ಒಂದು ಎರಡರಲ್ಲಿ, ಇನ್ನೊಂದು ನಾಲ್ಕರಲ್ಲಿ ಇದ್ದರೆ ಮೊದಲಿದ್ದದ್ದೇ ವಾಸಿ.

ಹಿಂದೆ ಭಾರ ಬಿದ್ದಾಗ ಹೆಡ್‌ಲೈಟ್ ಮೇಲೇಳುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕನ್ನಡಿಯೂ ಅಷ್ಟೇ, ಅವರು ಕೂತ ಮೇಲೆ ಮತ್ತೊಮ್ಮೆ ಸರಿಮಾಡಿಕೊಳ್ಳಿ. ಹಿಂದಿನ ಫುಟ್‌ರೆಸ್ಟ್ ವರ್ಷಗಟ್ಟಲೆ ಮಡಚಿಯೇ ಇದ್ದರೆ ತುಕ್ಕು ಹಿಡಿದು ಬಿಗಿದಿರುತ್ತದೆ. ಸ್ವಾರಗೇಟಿನ ಜನಜಂಗುಳಿಯಲ್ಲಿ ಬಗ್ಗಿ ಅದನ್ನು ಒದೆಯುವ ಬದಲು ಹಿಂದಿನ ದಿನವೇ ಒಂದು ಹನಿ ಎಣ್ಣೆ ಬಿಡಿ.

ಹೆಲ್ಮೆಟ್ ಒಂದೇ ಇದೆ. ಪುಣೆಯಲ್ಲಿ ಹಿಂದೆ ಕೂತವರಿಗೆ ಕೇಳುತ್ತಾರಾ?

ಕೇಳಲಿ ಬಿಡಲಿ, ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ನಾಲ್ಕು ವರ್ಷ ಮೀರಿದ, ದ್ವಿಚಕ್ರ ವಾಹನದ ಮೇಲಿರುವ ಎಲ್ಲರಿಗೂ ಹೆಲ್ಮೆಟ್ ಬೇಕು. ಪಗಡಿ ಕಟ್ಟಿದ ಸಿಖ್ಖರಿಗೆ ಮಾತ್ರ ವಿನಾಯಿತಿ. 194ಡಿ ಕಲಂ ಹೇಳುವ ಶಿಕ್ಷೆ ಒಂದು ಸಾವಿರ ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ.

ಪುಣೆಗೂ ಹೆಲ್ಮೆಟ್ಟಿಗೂ ಹಳೆಯ ಜಗಳ. 2019ರ ಜನವರಿ 1ರಿಂದ ಪೊಲೀಸರು ಬಿಗಿ ಮಾಡಿದಾಗ ವಿರೋಧಿಸಿ ಬೀದಿಗಿಳಿದವರೂ ಇದ್ದರು. ಊರೊಳಗೆ ಇಪ್ಪತ್ತರ ವೇಗಕ್ಕೆ ಯಾಕೆ ಬೇಕು, ಕುತ್ತಿಗೆ ನೋಯುತ್ತದೆ, ಹೀಗೆ ಅವರ ವಾದ. ಇಪ್ಪತ್ತರ ವೇಗದಲ್ಲೇ ಹಿಂದಿನಿಂದ ಮಗುಚಿ, ತಲೆಯ ಹಿಂಭಾಗ ಡಾಂಬರಿಗೆ ಬಡಿದ ನೆರೆಯವರನ್ನು ನಾನು ಐಸಿಯುನಲ್ಲಿ ನೋಡಿ ಬಂದಿದ್ದೇನೆ. ಅವರ ಗಂಡ ಮುಂದೆ ಕೂತಿದ್ದರು, ಹೆಲ್ಮೆಟ್ ಇದ್ದದ್ದು ಗಂಡನ ತಲೆಯ ಮೇಲೆ.

ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ಇರುವುದನ್ನೇ ತಗೊಳ್ಳಿ. 2021ರ ಜೂನ್ 1ರಿಂದ ಆ ಪ್ರಮಾಣಪತ್ರ ಇಲ್ಲದ ಹೆಲ್ಮೆಟ್ ಮಾರುವುದೇ ಕಾನೂನಿಗೆ ವಿರುದ್ಧ, ಆದರೂ ರಸ್ತೆ ಬದಿ ಟಾರ್ಪಾಲಿನ ಮೇಲೆ ಸಾಲಾಗಿ ಇಟ್ಟು ಮಾರುತ್ತಲೇ ಇರುತ್ತಾರೆ. ಎರಡನೇ ಹೆಲ್ಮೆಟ್ಟಿಗೆ ಅಗ್ಗದ್ದು ಸಾಕು ಅನ್ನುವ ಯೋಚನೆ ನನಗಂತೂ ಅರ್ಥವಾಗುವುದಿಲ್ಲ. ಅದು ಅಪ್ಪ ಅವ್ವನ ತಲೆಗೇ ತಾನೆ? ಪಟ್ಟಿಯ ಬಕಲ್ ನೀವೇ ಹಾಕಿ. ಎರಡು ಬೆರಳು ಹಿಡಿಯುವಷ್ಟು ಸಡಿಲ, ಅದಕ್ಕಿಂತ ಹೆಚ್ಚಲ್ಲ.

ಹತ್ತುವುದು ಇಳಿಯುವುದು ಹೇಗೆ? ಅಲ್ಲೇ ವಾಲಿಬಿಡುತ್ತದೆ.

ಹೊಸಬರು ಬೀಳುವುದೇ ಅಲ್ಲಿ, ಓಡುವಾಗ ಅಲ್ಲ. ನನ್ನ ಕತೆಯನ್ನೇ ಹೇಳುತ್ತೇನೆ. ಮೊದಲ ವರ್ಷ, ಚಿಂಚವಡದ ಒಂದು ಸಿಗ್ನಲ್. ಹಿಂದೆ ನನ್ನ ರೂಮ್‌ಮೇಟ್, ಅವಳ ತೊಡೆಯ ಮೇಲೆ ಐದು ಕೆಜಿ ಉಳ್ಳಾಗಡ್ಡಿ. ಅವಳ ಆಫೀಸ್ ಅಲ್ಲೇ ಎಡಕ್ಕೆ. ಕೆಂಪು ದೀಪ ಬಿತ್ತಲ್ಲ, ಇಳಿದುಬಿಡೋಣ ಅಂದುಕೊಂಡಳು, ನನಗೆ ಹೇಳಲಿಲ್ಲ. ನಾನು ಎಡಗಾಲು ಮಾತ್ರ ಊರಿ, ಬಲಗಾಲು ಬ್ರೇಕಿನ ಮೇಲಿಟ್ಟಿದ್ದೆ. ಅವಳು ಎಡ ಫುಟ್‌ರೆಸ್ಟ್ ಮೇಲೆ ಪೂರ್ತಿ ಭಾರ ಹಾಕಿ ಎದ್ದು ನಿಂತಳು. ಗಾಡಿ, ನಾನು, ಉಳ್ಳಾಗಡ್ಡಿ ಮೂರೂ ರಸ್ತೆ ಮೇಲೆ. ಅವಳು ಮಾತ್ರ ಸರಿಯಾಗಿ ಕಾಲೂರಿ ನಿಂತು "ಅಯ್ಯೋ ಏನಾತು?" ಅಂತ ಕೇಳಿದಳು.

ಅಂದಿನಿಂದ ನನ್ನ ಪದ್ಧತಿ ಇದು. ಮೊದಲು ನಾನು ಕೂರುತ್ತೇನೆ. ಸೈಡ್ ಸ್ಟ್ಯಾಂಡ್ ಎತ್ತಿ, ಎರಡೂ ಕಾಲು ಅಗಲವಾಗಿ ಊರಿ, ಮುಂದಿನ ಬ್ರೇಕ್ ಹಿಡಿಯುತ್ತೇನೆ. ಆಮೇಲೆ "ಹೂಂ, ಬನ್ನಿ" ಅನ್ನುತ್ತೇನೆ. ಆ ಹೂಂ ಇಲ್ಲದೆ ಯಾರೂ ಹತ್ತುವಂತಿಲ್ಲ, ಇಳಿಯುವಂತಿಲ್ಲ. ಹತ್ತುವುದು ಇಳಿಯುವುದು ಎಡಗಡೆಯಿಂದ. ಬಹುತೇಕ ಗಾಡಿಗಳಲ್ಲಿ ಸೈಲೆನ್ಸರ್ ಬಲಕ್ಕಿರುತ್ತದೆ, ಬಿಸಿ ಸೈಲೆನ್ಸರಿಗೆ ಮೀನಖಂಡ ತಾಗಿದರೆ ಅದರ ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಎತ್ತರ ಸಾಲದವರು ನಿಮ್ಮ ಭುಜ ಹಿಡಿದು ಎಡ ಫುಟ್‌ರೆಸ್ಟ್ ಮೆಟ್ಟಿ ಹತ್ತಲೇಬೇಕಾದರೆ, ಮೊದಲು ಹೇಳಿ ಮೆಟ್ಟಲಿ, ನೀವು ಗಾಡಿಯನ್ನು ಒಂದಿಷ್ಟು ಬಲಕ್ಕೆ ತಡೆದು ಹಿಡಿಯಿರಿ. ಇಳಿಜಾರಿನಲ್ಲಿ ಹತ್ತಿಸಬೇಡಿ, ಹತ್ತು ಹೆಜ್ಜೆ ನಡೆದು ಸಮತಟ್ಟಾದ ಜಾಗಕ್ಕೆ ಬನ್ನಿ. ಗಾಡಿ ಸೈಡ್ ಸ್ಟ್ಯಾಂಡಿನಲ್ಲಿದ್ದಾಗಲೇ ಅವರು ಮೊದಲು ಹತ್ತಿ ಕೂರುವುದೂ ಬೇಡ, ಆ ಸಣ್ಣ ಕಬ್ಬಿಣದ ಮೇಲೆ ಇಬ್ಬರ ಭಾರ ಯಾಕೆ?

ಸಿಗ್ನಲ್ಲಿನಲ್ಲಿ ಅವರ ಕಾಲು ಫುಟ್‌ರೆಸ್ಟ್ ಮೇಲೇ ಇರಬೇಕು. ಸಹಾಯ ಮಾಡಲು ಹೋಗಿ ಅವರೂ ಕೆಳಗೆ ಕಾಲು ಬಿಡುತ್ತಾರೆ. ನೀವು ಹೊರಟರೆ ಆ ಕಾಲು ಅಲ್ಲೇ ಉಳಿಯುತ್ತದೆ.

ಹೊರಡುವ ಮುಂಚೆ ಅವರಿಗೆ ಏನು ಹೇಳಬೇಕು? ದೊಡ್ಡವರಿಗೆ ಹೇಳಲು ಸಂಕೋಚ.

ಸಂಕೋಚ ಬಿಡಿ. ಹಿಂದೆ ಕೂರುವವರಿಗೆ ಹೇಳಿಕೊಡುವುದು ಓಡಿಸುವವರ ಕೆಲಸ. ಅಪ್ಪ ನಲವತ್ತು ವರ್ಷ ಲೂನಾ, ಸ್ಕೂಟರ್ ಓಡಿಸಿದ್ದರೂ ನಿಮ್ಮ ಗಾಡಿಯ ಹಿಂದೆ ಅವರು ಹೊಸಬರೇ. ನಾನು ಹೇಳುವುದು ಐದು ಮಾತು:

"ಗಾಡಿ ವಾಲಿದ ಕಡೆ ನೀವೂ ಸುಮ್ಮನೆ ವಾಲ್ರಿ, ಎದುರು ವಾಲಬ್ಯಾಡ್ರಿ. ಬ್ರೇಕ್ ಹಾಕಿದಾಗ ನನ್ನ ಮ್ಯಾಲೆ ಬೀಳಬ್ಯಾಡ್ರಿ, ಟ್ಯಾಂಕಿಗೆ ಅಥವಾ ಸೀಟಿನ ಹಿಂದಿನ ಕಂಬಿಗೆ ಕೈ ಒತ್ತಿ ಹಿಡೀರಿ. ಗಾಡಿ ನಿಂತರೂ ಕಾಲು ತಗೀಬ್ಯಾಡ್ರಿ. ಭುಜಕ್ಕೆ ಒಮ್ಮೆ ತಟ್ಟಿದರ ನಿಧಾನ ಮಾಡ್ತೀನಿ, ಎರಡು ಸಲ ತಟ್ಟಿದರ ನಿಲ್ಲಸ್ತೀನಿ. ಹೂಂ ಅನ್ನೂ ತನಕ ಇಳೀಬ್ಯಾಡ್ರಿ."

ತಟ್ಟುವ ಗುರುತು ಬಹಳ ಕೆಲಸಕ್ಕೆ ಬರುತ್ತದೆ. ಹೆಲ್ಮೆಟ್ಟಿನೊಳಗೆ, ಗಾಳಿಯ ಸದ್ದಿನಲ್ಲಿ "ನಿಧಾನ" ಅಂದದ್ದು "ಏನಣ್ಣ" ಅಂತ ಕೇಳಿಸುತ್ತದೆ. ಅವರು ತಟ್ಟಿದಾಗ ಯಾಕೆ ಅಂತ ಕೇಳಬೇಡಿ, ಮೊದಲು ವೇಗ ಇಳಿಸಿ. ಒಮ್ಮೆ ಕೇಳಲಿಲ್ಲ ಅಂದರೆ ಆಮೇಲೆ ಅವರು ತಟ್ಟುವುದನ್ನೇ ಬಿಡುತ್ತಾರೆ, ಹಲ್ಲು ಕಚ್ಚಿ ಕೂರುತ್ತಾರೆ.

ಎಲ್ಲಿ ಹಿಡಿದುಕೊಳ್ಳಬೇಕು?

ಭುಜ ಬೇಡ. ನಿಮ್ಮ ಭುಜ ಅಲುಗಿದರೆ ಹ್ಯಾಂಡಲ್ ಅಲುಗುತ್ತದೆ. ಸೊಂಟ ಹಿಡಿಯುವಷ್ಟು ಹತ್ತಿರದವರಾದರೆ ಸೊಂಟ. ಇಲ್ಲದಿದ್ದರೆ ಒಂದು ಕೈ ಹಿಂದಿನ ಕಂಬಿಗೆ, ಇನ್ನೊಂದು ತಮ್ಮ ತೊಡೆಯ ಮೇಲೆ ಅಥವಾ ನಿಮ್ಮ ಸೊಂಟದ ಬೆಲ್ಟಿಗೆ. ಹಿಂದೆ ಕೂತವರಿಗೆ ಕೈಹಿಡಿ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ಗಾರ್ಡ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮದ 123ನೇ ನಿಯಮ ಹೇಳುತ್ತದೆ. ಚೆಂದ ಕಾಣಲಿ ಎಂದು ಗಾಡಿ ತಂದ ದಿನವೇ ಸಾರಿ ಗಾರ್ಡ್ ಬಿಚ್ಚಿಸಿದವರು ಮುಂದಿನ ಪ್ರಶ್ನೆ ಓದಿ.

ಅವ್ವ ಸೀರೆ ಉಡುತ್ತಾಳೆ, ಒಂದೇ ಕಡೆ ಕಾಲು ಬಿಟ್ಟು ಕೂರುತ್ತಾಳೆ. ಏನು ಮಾಡಲಿ?

ಎಲ್ಲರಿಗಿಂತ ಹೆಚ್ಚು ಬರುವ ಪ್ರಶ್ನೆ ಇದು. ನಿಜ ಹೇಳಬೇಕೆಂದರೆ, ಎರಡೂ ಕಡೆ ಕಾಲು ಹಾಕಿ ಕೂರುವುದಕ್ಕೆ ಸಮನಾದದ್ದು ಇಲ್ಲ. ಒಂದು ಕಡೆ ಕೂತರೆ ಭಾರ ಎಡಕ್ಕೆ ಜಗ್ಗುತ್ತದೆ, ನೇರ ಹೋಗಲೂ ನೀವು ಹ್ಯಾಂಡಲನ್ನು ಸದಾ ತಡೆದಿರಬೇಕಾಗುತ್ತದೆ. ಅವರಿಗೆ ಮೊಣಕಾಲಿನಿಂದ ಹಿಡಿಯಲು ಏನೂ ಇರುವುದಿಲ್ಲ. ತಗ್ಗಿನಲ್ಲಿ ಗಾಡಿ ಹಾರಿದರೆ ಸೀಟಿನಿಂದ ಜಾರುವುದೇ. ಬಲಕ್ಕೆ ತಿರುಗುವಾಗ ಮೈ ಬೆನ್ನಿನ ಕಡೆಗೆ, ಎಡಕ್ಕೆ ತಿರುಗುವಾಗ ಮುಖದ ಕಡೆಗೆ ವಾಲುತ್ತದೆ.

ಆದರೆ ಅರವತ್ತೆರಡರ ಅವ್ವನಿಗೆ ನಾಳೆಯಿಂದ ಚೂಡಿದಾರ್ ಹಾಕು ಅಂದರೆ ಆಗುವ ಮಾತಲ್ಲ. ನಾನು ಒಂದು ಉಪಾಯ ಮಾಡಿದೆ. ಇಲ್ಲಿನ ಒಂಬತ್ತು ಗಜದ ನೌವಾರಿಯನ್ನು ಕಚ್ಚೆ ಹಾಕಿ ಉಡುತ್ತಾರೆ, ಯುಗಾದಿಯ ದಿನ, ಅವರ ಗುಡಿ ಪಾಡ್ವಾ, ಮುಂಬಯಿಯ ಗಿರಗಾಂವ್ ಶೋಭಾಯಾತ್ರೆಯಲ್ಲಿ ಹೆಂಗಸರು ನೌವಾರಿ ಉಟ್ಟು, ಮೂಗಿಗೆ ನತ್ತು ಹಾಕಿ ಬುಲೆಟ್ ಓಡಿಸುತ್ತಾರೆ. ಆ ಫೋಟೋ ತೋರಿಸಿದೆ. "ನಮ್ಮವ್ವನೂ ಕಚ್ಚೀನ ಹಾಕ್ತಿದ್ದಳು, ಹೊಲಕ್ಕ ಹೋಗೂ ಮುಂದ" ಅಂದಳು. ಬೈಕಿಗೆಂದು ಕಚ್ಚೆ ಉಡಲಿಲ್ಲ, ಅದು ಬೇರೆ ಮಾತು. ಸೀರೆಯೊಳಗೆ ಲೆಗ್ಗಿಂಗ್ಸ್ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಲು ಮಾತ್ರ ಒಪ್ಪಿದಳು, ಅದೂ ನಮ್ಮ ಓಣಿ ದಾಟಿದ ಮೇಲೆ.

ಒಪ್ಪದಿದ್ದರೆ? ಸಾರಿ ಗಾರ್ಡ್ ಇರಲೇಬೇಕು, ಪಾದ ಅದರ ಮೆಟ್ಟಿಲ ಮೇಲೆ ಗಟ್ಟಿಯಾಗಿ. ಬಲಗೈ ನಿಮ್ಮ ಸೊಂಟಕ್ಕೆ, ಎಡಗೈ ಕಂಬಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಿನ್. ವೇಗ ಮೂವತ್ತು ದಾಟಬೇಡಿ, ಊರೊಳಗೆ ಮಾತ್ರ. ಹೆದ್ದಾರಿಗೆ, ಘಾಟಿಗೆ ಬಸ್ಸಿದೆ, ರಿಕ್ಷಾ ಇದೆ.

ಸೆರಗು, ದುಪಟ್ಟಾ, ಮುಖಕ್ಕೆ ಸುತ್ತುವ ಸ್ಕಾರ್ಫು, ಇವುಗಳ ತುದಿ ಚೈನಿಗೆ ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಬರುತ್ತದೆ. ಪುಣೆಯ ಹುಡುಗಿಯರು ಸ್ಕಾರ್ಫ್ ಕಟ್ಟುವುದರಲ್ಲಿ ಪಳಗಿದವರು, ತುದಿ ಒಳಗೆ ಸೇರಿಸುವುದನ್ನು ಅವರಿಂದ ಕಲಿಯಿರಿ. ಹೊರಡುವ ಮುಂಚೆ ಒಮ್ಮೆ ತಿರುಗಿ, ಬಟ್ಟೆ ಎಲ್ಲಾದರೂ ಜೋತುಬಿದ್ದಿದೆಯಾ ನೋಡಿ.

ಹೊರಡುವಾಗ ಜಗ್ಗುತ್ತದೆ, ಗೇರ್ ಬದಲಿಸುವಾಗ ಅವರ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ ಅನ್ನುತ್ತದೆ.

ಆ ಟಕ್ ನಿಮ್ಮ ಮಾರ್ಕ್ಸ್ ಕಾರ್ಡ್. ಐದು ಕಿಲೋಮೀಟರಿನಲ್ಲಿ ಎಷ್ಟು ಸಲ ಬಡಿಯಿತು ಎಣಿಸಿ. ಕ್ಲಚ್ ಸರಕ್ಕನೆ ಬಿಟ್ಟರೆ ಅವರು ಹಿಂದಕ್ಕೆ ಹೋಗುತ್ತಾರೆ, ಆಕ್ಸಿಲರೇಟರ್ ಸರಕ್ಕನೆ ಮುಚ್ಚಿದರೆ ಮುಂದಕ್ಕೆ ಬರುತ್ತಾರೆ. ಸ್ವಲ್ಪ ಹೆಚ್ಚು ಆಕ್ಸಿಲರೇಟರ್ ಕೊಟ್ಟು, ಹಾಫ್ ಕ್ಲಚ್ಚಿನಲ್ಲಿ ಗಾಡಿ ಉರುಳಲು ಶುರುವಾಗುವವರೆಗೆ ತಡೆದು, ಆಮೇಲೆ ನಿಧಾನಕ್ಕೆ ಬಿಡಿ. ಗೇರ್ ಬದಲಿಸುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚದೆ ಒಂದಿಷ್ಟು ಸಡಿಲಿಸಿದರೆ ಸಾಕು. ಇಬ್ಬರಿದ್ದಾಗ ಏರಿನಲ್ಲಿ ಟಾಪ್ ಗೇರಿನಲ್ಲೇ ಎಳೆಯಬೇಡಿ, ಎಂಜಿನ್ ಕೆಮ್ಮುವ ಮೊದಲೇ ಒಂದು ಗೇರ್ ಇಳಿಸಿ. ಏರಿನಲ್ಲಿ ಮುಂದಿನ ಚಕ್ರ ಮೊದಲೇ ಹಗುರ, ಅಲ್ಲಿ ಒಮ್ಮೆಗೇ ಆಕ್ಸಿಲರೇಟರ್ ತಿರುವಿದರೆ ಅದು ಎದ್ದೇಬಿಡಬಹುದು.

ಬ್ರೇಕ್?

ಮೊದಲೇ, ಮೆಲ್ಲಗೆ, ಎರಡೂ. ಗಾಡಿ ಗಂಟೆಗೆ 40 ಕಿಲೋಮೀಟರ್ ಓಡುತ್ತಿದ್ದರೆ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, ಅಂದರೆ ನೀವು ನೋಡಿ ಬ್ರೇಕ್ ಮುಟ್ಟುವಷ್ಟರಲ್ಲಿ ಒಂದು ಬಸ್ಸಿನುದ್ದ ಮುಗಿದಿರುತ್ತದೆ. 60ರಲ್ಲಿ ಬ್ರೇಕ್ ಹಿಡಿದ ಮೇಲೆ ಓಡುವ ದೂರ 40ರಲ್ಲಿ ಇರುವುದಕ್ಕಿಂತ ಎರಡೂಕಾಲು ಪಟ್ಟು. ಇಬ್ಬರಿದ್ದಾಗ ಒಬ್ಬರಿದ್ದಾಗಿನಷ್ಟೇ ಒತ್ತಿದರೆ ಗಾಡಿ ತಡವಾಗಿ ನಿಲ್ಲುತ್ತದೆ, ಹೆಚ್ಚು ಒತ್ತಬೇಕು. ಹಾಗೆಂದು ಒಮ್ಮೆಗೇ ಒತ್ತಿದರೆ ಹಿಂದಿನವರು ನಿಮ್ಮ ಬೆನ್ನ ಮೇಲೆ, ನಿಮ್ಮ ಭಾರವೆಲ್ಲ ಕೈ ಮೇಲೆ. ಮೊದಲು ಮುಟ್ಟಿ ಅವರಿಗೆ ಸುಳಿವು ಕೊಡಿ, ಆಮೇಲೆ ಒತ್ತು ಹೆಚ್ಚಿಸಿ.

ಹಿಂದಿನ ಬ್ರೇಕ್ ಒಬ್ಬರಿದ್ದಾಗ ಬೇಗ ಚಕ್ರ ಲಾಕ್ ಮಾಡುತ್ತದೆ. ಹಿಂದೆ ಭಾರವಿದ್ದಾಗ ಅದಕ್ಕೆ ಹಿಡಿತ ಹೆಚ್ಚು, ಧಾರಾಳವಾಗಿ ಬಳಸಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್ (ಗಟ್ಟಿಯಾಗಿ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು, 125ರವರೆಗಿನವಕ್ಕೆ ಕನಿಷ್ಠ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ). ಅನೇಕ ಗಾಡಿಗಳಲ್ಲಿ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಎನ್ನುವುದು ನೆನಪಿರಲಿ. ಹಳೆಯ ಗಾಡಿ ಕೊಂಡವರಿಗೆ ಅದೂ ಇರಲಿಕ್ಕಿಲ್ಲ.

ಮೊದಲ ಸಲ ಪುಣೆಯಲ್ಲಿ ಎಲ್ಲಿ ಓಡಿಸಲಿ?

ರವಿವಾರ ಬೆಳಿಗ್ಗೆ ಏಳಕ್ಕೆ, ನಿಮ್ಮದೇ ಬಡಾವಣೆಯ ಒಳರಸ್ತೆ. ಐಟಿಯವರಿಗೆ ಹಿಂಜವಡಿಯ ಒಳರಸ್ತೆಗಳು ರಜೆಯ ದಿನ ಗುರುತು ಸಿಗದಷ್ಟು ಖಾಲಿ. ಅರ್ಧ ಗಂಟೆ ನಿಲ್ಲಿಸುವುದು, ಹೊರಡುವುದು, ಯೂ ಟರ್ನ್ ಇಷ್ಟೇ ಮಾಡಿ. ಯೂ ಟರ್ನಿನಲ್ಲಿ ಹಿಂದಿನ ಬ್ರೇಕ್ ಲೇಸಾಗಿ ಒತ್ತಿ, ಹಾಫ್ ಕ್ಲಚ್ಚಿನಲ್ಲಿ, ತಲೆ ತಿರುಗಿಸಿ ಹೋಗಬೇಕಾದ ಕಡೆ ನೋಡಿ. ಚಕ್ರದ ಮುಂದಿನ ನೆಲ ನೋಡಿದರೆ ನೆಲಕ್ಕೇ ಹೋಗುತ್ತೀರಿ. ಮೊದಲ ಸಲಕ್ಕೆ ನಿಮಗಿಂತ ಹಗುರ ಇರುವ, ಬೈಕಿನಲ್ಲಿ ಕೂತು ರೂಢಿಯಿರುವ ಸ್ನೇಹಿತರನ್ನು ಕರೆಯಿರಿ. ಅಪ್ಪ ಅವ್ವ ಎರಡನೇ ವಾರಕ್ಕೆ.

ಎರಡನೇ ಹಂತಕ್ಕೆ ಫರ್ಗ್ಯುಸನ್ ಕಾಲೇಜ್ ರಸ್ತೆ ಒಳ್ಳೆಯದು. ವೈಶಾಲಿ ಹೋಟೆಲಿನಲ್ಲಿ ದೋಸೆ ತಿಂದು ಬರುವಷ್ಟು ದೂರ. ಮಧ್ಯಪೇಟೆಗಳು, ಲಕ್ಷ್ಮೀ ರಸ್ತೆ, ತುಳಶಿಬಾಗ್ ಸುತ್ತಮುತ್ತ ಹಬ್ಬದ ಸಮಯದಲ್ಲಿ ಬೇಡ. ಅಲ್ಲಿ ಗಾಡಿ ಓಡುವುದೇ ಇಲ್ಲ, ತೆವಳುತ್ತದೆ, ಇಬ್ಬರನ್ನು ಹೊತ್ತು ತೆವಳುವುದೇ ಎಲ್ಲಕ್ಕಿಂತ ಕಷ್ಟ.

ಪುಣೆ ಪಕ್ಕದ ಬೆಟ್ಟದ ಕೋಟೆ ಸಿಂಹಗಡದ ಹಂಬಲ ಎಲ್ಲರಿಗೂ ಇರುತ್ತದೆ. ಮೇಲೆ ಪಿಠ್ಲ ಭಾಕರಿ ಸಿಗುತ್ತದೆ, ನಮ್ಮ ಝುಣಕ ರೊಟ್ಟಿಯ ನೆಂಟಸ್ತಿಕೆ. ಆದರೆ ಆ ಘಾಟಿಯ ಕಡಿದಾದ ತಿರುವುಗಳಲ್ಲಿ ಇಬ್ಬರನ್ನು ಹೊತ್ತು ಮೊದಲ ಗೇರಿನಲ್ಲಿ ತಿರುಗುವುದು ಪಳಗಿದವರ ಕೆಲಸ. ಇಳಿಯುವುದು ಇನ್ನೂ ಕಷ್ಟ. ಹಿಂದಿನವರು ಇಡೀ ದಾರಿ ನಿಮ್ಮ ಮೇಲೆ ಜಾರುತ್ತಿರುತ್ತಾರೆ, ಬರೀ ಬ್ರೇಕಿನಲ್ಲೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಊರಿಂದ ಬೈಕಿನಲ್ಲೇ ಬರುವವರಿಗೆ ಒಂದು ಮಾತು. ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆಗೆ ಇಳಿಯುವ ರಸ್ತೆ ಉದ್ದನೆಯ ಇಳಿಜಾರು. ಅಲ್ಲಿ ಬ್ರೇಕ್ ಸೋತ ಲಾರಿಗಳು ಮುಂದಿನ ಗಾಡಿಗಳಿಗೆ ನುಗ್ಗಿದ ಅಪಘಾತಗಳು ಮತ್ತೆ ಮತ್ತೆ ಆಗಿವೆ. ಇಬ್ಬರಿದ್ದಾಗ ಗಾಡಿ ಚುರುಕಾಗಿ ಪಕ್ಕಕ್ಕೆ ಸರಿಯುವುದಿಲ್ಲ, ಎಡಬದಿಗೆ ಇರಿ, ಕನ್ನಡಿ ನೋಡುತ್ತಿರಿ, ಲಾರಿಯ ಮುಂದೆ ನುಸುಳಬೇಡಿ. ಮುಂಬಯಿ ಕಡೆ ಹೋಗುವವರಿಗೆ ಎಕ್ಸ್‌ಪ್ರೆಸ್‌ವೇನಲ್ಲಿ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ, ಲೋಣಾವಳ, ಖಂಡಾಳದ ಹಳೆಯ ಹೆದ್ದಾರಿಯೇ ಗತಿ.

ಮಳೆಯಲ್ಲಿ?

ಹೊಸಬರು ಬೇಡ. ಜೂನ್‌ನ ಮೊದಲ ಮಳೆ ಬಿದ್ದ ಅರ್ಧ ಗಂಟೆ ರಸ್ತೆಯ ಮೇಲಿನ ಎಣ್ಣೆ, ಧೂಳು ಸೇರಿ ಸಾಬೂನಿನಂತಾಗುತ್ತದೆ. ಹಿಂದಿನವರು ಕೊಡೆ ಬಿಚ್ಚಿದರೆ ಗಾಡಿ ನಿಲ್ಲಿಸಿಬಿಡಿ, ಮಾತೇ ಬೇಡ.

ಮಕ್ಕಳನ್ನು ಕೂರಿಸಿಕೊಳ್ಳಬಹುದಾ? ಗಂಡ ಹೆಂಡತಿ ಮಧ್ಯೆ ಮಗು?

ಕಾಯ್ದೆಯ 128ನೇ ಕಲಂ ಓಡಿಸುವವರನ್ನು ಬಿಟ್ಟು ಇನ್ನೊಬ್ಬರು ಮಾತ್ರ ಎನ್ನುತ್ತದೆ, ಮಗು ಎಂಬ ವಿನಾಯಿತಿ ಅದರಲ್ಲಿಲ್ಲ. ಇಡೀ ದೇಶ ಮೂವರು ಹೋಗುತ್ತದೆ ಎನ್ನುವುದು ನನಗೂ ಗೊತ್ತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ 2022ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂತು, ಒಂದು ವರ್ಷದ ನಂತರ ಜಾರಿಯಾಯಿತು. ಮಗುವನ್ನು ಓಡಿಸುವವರ ಮೈಗೆ ಬಿಗಿಯುವ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ, ಇವು ಬೇಕು. ದೊಡ್ಡ ಮಕ್ಕಳಿಗೆ ನನ್ನ ಅಳತೆ ಸರಳ: ಪಾದ ಫುಟ್‌ರೆಸ್ಟಿಗೆ ಮುಟ್ಟಬೇಕು, ಕೈ ಸೊಂಟ ಬಳಸಬೇಕು. ಟ್ಯಾಂಕಿನ ಮೇಲೆ ಕೂರಿಸುವುದು ಬೇಡ. ಬ್ರೇಕ್ ಹಾಕಿದರೆ ಮಗುವಿನ ಎದುರಿಗಿರುವುದು ಹ್ಯಾಂಡಲ್ ಮತ್ತು ಮೀಟರ್.

ನನ್ನ ಸ್ನೇಹಿತನಿಗೆ ನನಗಿಂತ ಚೆನ್ನಾಗಿ ಬೈಕ್ ಬರುತ್ತದೆ. ಅವನನ್ನೇ ಹಿಂದೆ ಕೂರಿಸಿ ಕಲಿಯಲಾ?

ಓಡಿಸಲು ಬರುವವರಷ್ಟು ಕೆಟ್ಟ ಹಿಂಬದಿ ಸವಾರರಿಲ್ಲ. ನನ್ನ ಗಂಡನೇ ಸಾಕ್ಷಿ. ನಾನು ಬ್ರೇಕ್ ಹಾಕುವ ಮೊದಲೇ ಅವರು ಬಲಗಾಲಿನಲ್ಲಿ ಇಲ್ಲದ ಬ್ರೇಕ್ ಒತ್ತುತ್ತಾರೆ, ಫುಟ್‌ರೆಸ್ಟ್ ಮೂಲಕ ಗಾಡಿ ಅಲುಗುತ್ತದೆ. ತಿರುವಿನಲ್ಲಿ ನನಗಿಂತ ಮೊದಲೇ ವಾಲುತ್ತಾರೆ. "ಹೋಗು ಹೋಗು, ಜಾಗ ಇದೆ" ಅನ್ನುತ್ತಾರೆ. ಅವರಿಗೆ ನಾನು ಕೊಟ್ಟ ಕೆಲಸ ಒಂದೇ, ಎರಡೂ ಕೈಯಲ್ಲಿ ಹಿಂದಿನ ಕಂಬಿ ಹಿಡಿದು ಸುಮ್ಮನಿರುವುದು. ಚೆನ್ನಾಗಿ ಹಿಂದೆ ಕೂರುವುದು ಹೇಗೆಂದು ನೋಡಬೇಕಾದರೆ ಗೋವಾಕ್ಕೆ ಹೋದಾಗ ಪೈಲಟ್ ಅನ್ನುವ ಬೈಕ್ ಟ್ಯಾಕ್ಸಿಗಳ ಹಿಂದೆ ಕೂತ ಅಲ್ಲಿನ ಹೆಂಗಸರನ್ನು ನೋಡಿ. ಮಡಿಲಲ್ಲಿ ಮೀನಿನ ಚೀಲ, ಮುಖದಲ್ಲಿ ಯಾವ ಗಾಬರಿಯೂ ಇಲ್ಲ, ಗಾಡಿಯ ಜೊತೆಗೇ ವಾಲುತ್ತಾರೆ.

ಏನಾದರೂ ಆದರೆ ಹಿಂದೆ ಕೂತವರಿಗೆ ವಿಮೆ ಇರುತ್ತದಾ?

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದು, ತಪ್ಪು ನಿಮ್ಮದಾದರೆ, ನಿಮ್ಮ ವಿಮೆಯಿಂದ ಅವರಿಗೆ ಪರಿಹಾರ ಸಿಗುವುದು ಕಷ್ಟ. ಕಾಯ್ದೆ ಕಡ್ಡಾಯ ಮಾಡಿರುವ ಕನಿಷ್ಠ ಪಾಲಿಸಿ, ಬಾಡಿಗೆ ಕೊಡದೆ ಹಿಂದೆ ಕೂತವರನ್ನು ಒಳಗೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ಜನ ಫುಲ್ ಇನ್ಶೂರೆನ್ಸ್ ಅನ್ನುವುದು, ಹಿಂಬದಿ ಸವಾರರನ್ನೂ ಒಳಗೊಳ್ಳುತ್ತದೆ ಎಂದು ವಿಮಾ ನಿಯಂತ್ರಕರು 2009ರಲ್ಲಿ ಸ್ಪಷ್ಟಪಡಿಸಿದರು. ಇನ್ನೊಂದು ಗಾಡಿ ಬಂದು ಗುದ್ದಿದರೆ ಆ ಗಾಡಿಯ ಥರ್ಡ್ ಪಾರ್ಟಿ ವಿಮೆಯ ಲೆಕ್ಕ ಬೇರೆ. ನಿಮ್ಮ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಗಾಡಿಯ ಮಾಲೀಕರು ತಾವೇ ಓಡಿಸುವಾಗ ಅವರಿಗೆ ಮಾತ್ರ. ಹಿಂದಿನವರಿಗೂ ಬೇಕೆಂದರೆ ರಿನ್ಯೂ ಮಾಡುವಾಗ ಬೇರೆಯಾಗಿ ಕೇಳಿ ಸೇರಿಸಿಸಬೇಕು. ಏಜೆಂಟರು ತಾವಾಗಿ ಹೇಳುವುದು ಅಪರೂಪ.

ಚೀಲ ಎಲ್ಲಿಡಲಿ?

ಇಬ್ಬರ ಮಧ್ಯೆಯೂ ಅಲ್ಲ, ಹ್ಯಾಂಡಲಿಗೂ ಅಲ್ಲ. ಹಿಂದಿನವರು ಬೆನ್ನಿಗೆ ಹಾಕಿಕೊಳ್ಳಲಿ, ಹಗುರವಾದದ್ದಾದರೆ ಮಾತ್ರ. ಭಾರದ ಬ್ಯಾಗು ಬೆನ್ನಿಗಿದ್ದರೆ ಅದು ಅವರನ್ನು ಹಿಂದಕ್ಕೆ ಜಗ್ಗುತ್ತದೆ. ಊರಿಂದ ಬಂದ ಜೋಳದ ಹಿಟ್ಟಿನ ಚೀಲಕ್ಕೆ ರಿಕ್ಷಾ ಮಾಡಿ.

ದೂರದ ದಾರಿಯಲ್ಲಿ ಹಿಂದಿನವರು ತೂಕಡಿಸುತ್ತಾರೆ. ನಿಜವಾಗಿಯೂ ಹಾಗಾಗುತ್ತದಾ?

ಆಗುತ್ತದೆ, ನೀವು ನಂಬದಷ್ಟು ಸಲ. ಓಡಿಸುವವರಿಗೆ ಕೆಲಸವಿದೆ, ಅವರಿಗಿಲ್ಲ. ಒಂದೇ ಸದ್ದು, ಒಂದೇ ಗಾಳಿ. ಸಾತಾರಾ ದಾಟಿ ಮಧ್ಯಾಹ್ನದ ಬಿಸಿಲಿಗೆ ನನ್ನ ತಂಗಿಯ ಹೆಲ್ಮೆಟ್ ನನ್ನ ಬೆನ್ನಿಗೆ ಒರಗಿತು. ಪ್ರೀತಿಯಿಂದ ಒರಗಿದ್ದಾಳೆ ಅಂದುಕೊಂಡೆ. ಸೊಂಟ ಹಿಡಿದಿದ್ದ ಕೈ ಸಡಿಲವಾದಾಗ ಗೊತ್ತಾಯಿತು. ಈಗ ಐವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸುತ್ತೇನೆ, ನನಗೆ ಬೇಕಿರಲಿ ಬಿಡಲಿ. ನಡುವೆ ಆಗಾಗ ಎಡಗೈಯಿಂದ ಅವರ ಮೊಣಕಾಲು ತಟ್ಟುತ್ತೇನೆ, ಅವರು ತಿರುಗಿ ನನ್ನ ಭುಜಕ್ಕೆ ತಟ್ಟಬೇಕು. ಉತ್ತರ ಬರಲಿಲ್ಲವೆಂದರೆ ಮೆಲ್ಲಗೆ ವೇಗ ಇಳಿಸಿ ಎಡಕ್ಕೆ ನಿಲ್ಲಿಸಿ, ಮುಖ ತೊಳೆಸಿ, ಎರಡು ಕಟಿಂಗ್ ಚಹಾ.